ಪಾಡ್ರೋನ್ 1964 ಎಕ್ಸ್‌ಕ್ಲೂಸಿವೊ: ಬೆಲೆಗೆ ತಕ್ಕ ಸಿಗಾರೇ?

ಐದೂವರೆ ಅಂಗುಲ ಉದ್ದ, 50 ರಿಂಗ್ ಗೇಜ್ ದಪ್ಪ, ನಾಲ್ಕೂ ಬದಿ ಒತ್ತಿ ಚೌಕವಾಗಿಸಿದ ಮೈ. ಒಂದು ರಿಂಗ್ ಗೇಜ್ ಎಂದರೆ ಅಂಗುಲದ 64ನೇ ಒಂದು ಭಾಗ, ಹಾಗಾಗಿ 50 ಎಂದರೆ ಹತ್ತಿರ ಹತ್ತಿರ 20 ಮಿಲಿಮೀಟರ್. ಪಾಡ್ರೋನ್ ಕಂಪನಿಯ ‘1964 ಆ್ಯನಿವರ್ಸರಿ’ ಸಾಲಿನ ಎಕ್ಸ್‌ಕ್ಲೂಸಿವೊ ಇದು. ಅದೇ ಕಂಪನಿಯ ಸಾಮಾನ್ಯ ಸಾಲಿನ ಸಿಗಾರಿನ ಪಕ್ಕ ಇಟ್ಟರೆ ಬೆಲೆ ಎರಡರಷ್ಟರ ಆಸುಪಾಸು. ಆ ಹೆಚ್ಚಿನ ದುಡ್ಡಿಗೆ ಬಾಯಿಗೆ ಏನು ಸಿಗುತ್ತದೆ ಅನ್ನುವುದೇ ಇಲ್ಲಿನ ಪ್ರಶ್ನೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಅಳತೆಯಲ್ಲಿ, ನ್ಯಾಚುರಲ್ ಹೊದಿಕೆಯಲ್ಲಿ (ಕಡುಕಂದು ಮದೂರೊಗಿಂತ ತಿಳಿಬಣ್ಣದ ಹೊರಎಲೆ), ಸರಿಯಾದ ತೇವದಲ್ಲಿಟ್ಟು ಸೇದಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮೂರರಲ್ಲಿ ಒಂದು ತಪ್ಪಿದರೂ ಲೆಕ್ಕ ಬದಲಾಗುತ್ತದೆ, ಅದರಲ್ಲೂ ತೇವ.

ಬೆಲೆ ಎಲ್ಲಿಂದ ಬಂತು ಅನ್ನುವುದನ್ನು ತಿಳಿಯಬೇಕಾದರೆ ಎಲೆಯ ಕಡೆ ನೋಡಬೇಕು. ಹೊಸೆ ಒರ್ಲಾಂಡೊ ಪಾಡ್ರೋನ್ ಕ್ಯೂಬಾದ ಪಿನಾರ್ ದೆಲ್ ರಿಯೊ ಪ್ರಾಂತ್ಯದ ತಂಬಾಕು ಬೆಳೆಗಾರರ ಮನೆಯವರು. ಕ್ಯೂಬಾ ಬಿಟ್ಟು ಮಯಾಮಿಗೆ ಬಂದು, ಮರಗೆಲಸ ಮಾಡಿ ಕೂಡಿಟ್ಟ 600 ಡಾಲರ್‌ನಿಂದ 1964ರಲ್ಲಿ ಕಂಪನಿ ಶುರುಮಾಡಿದರು. ಆಗ ಹಿಡಿದ ಸುತ್ತಿಗೆ ಇಂದಿಗೂ ಆ ಮನೆತನದ ಗುರುತು. 1970ರಲ್ಲಿ ತಯಾರಿಕೆ ನಿಕರಾಗುವಾದ ಎಸ್ತೆಲಿಗೆ ಹೋಯಿತು. 1978ರಲ್ಲಿ, ಅಲ್ಲಿನ ದಂಗೆಯ ಹೊತ್ತಿನಲ್ಲಿ, ಕಾರ್ಖಾನೆ ಸುಟ್ಟುಹೋಯಿತು. 1985ರಿಂದ 1990ರವರೆಗೆ ಅಮೆರಿಕ ನಿಕರಾಗುವಾದ ಸರಕಿಗೆ ಬಾಗಿಲು ಹಾಕಿತ್ತು. ಇಷ್ಟೆಲ್ಲ ದಾಟಿ, ಕಂಪನಿಗೆ 30 ತುಂಬಿದಾಗ, 1994ರಲ್ಲಿ ಈ ಆ್ಯನಿವರ್ಸರಿ ಸಾಲು ಹೊರಬಂತು. ಬೆಲೆಯ ಮಾತಿನ ನಡುವೆ ಈ ಚರಿತ್ರೆ ಯಾಕೆಂದರೆ, ಇದರಲ್ಲಿ ಮಾರಾಟವಾಗುವ ಮುಖ್ಯ ಸರಕು ಕಾಯಿಸಿಟ್ಟ ಕಾಲ. ಸಾಮಾನ್ಯ ಸಾಲಿನ ಎಲೆಗೆ ಕನಿಷ್ಠ ಎರಡೂವರೆ ವರ್ಷದ ಮಾಗು, 1964 ಸಾಲಿನ ಎಲೆಗೆ ನಾಲ್ಕು, ಅದಕ್ಕೂ ಮೇಲಿನ 1926 ಸಾಲಿನ ಎಲೆಗೆ ಐದು. ಬೆಂಕಿ, ದಂಗೆ, ನಿರ್ಬಂಧ ಕಂಡ ಜಾಗದಲ್ಲಿ ನಾಲ್ಕು ವರ್ಷದ ಎಲೆಯನ್ನು ಗೋದಾಮಿನಲ್ಲಿ ತಡೆದಿಡುವುದೆಂದರೆ ಅಷ್ಟು ಬಂಡವಾಳವನ್ನು ಅಲುಗಾಡದಂತೆ ಕೂರಿಸುವುದು. ಬೆಲೆಚೀಟಿಯ ದೊಡ್ಡ ಪಾಲು ಅಲ್ಲಿಗೆ ಹೋಗುತ್ತದೆ.

ಆ ಮಾಗಿನಿಂದ ಆಗುವುದೇನು? ಕೊಯ್ದು ಒಣಗಿಸಿದ ತಂಬಾಕನ್ನು ಮೊದಲು ಆಳೆತ್ತರದ ಮೆದೆಯಾಗಿ ಒಟ್ಟಿ, ತೇವ ಕೊಟ್ಟು, ತನ್ನದೇ ಕಾವಿನಲ್ಲಿ ಹುದುಗಲು ಬಿಡುತ್ತಾರೆ. ಮೆದೆಯ ಹೊಟ್ಟೆಯಲ್ಲಿ ಬಿಸಿ 50 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಏರಿದಾಗ ಅದನ್ನು ಬಿಚ್ಚಿ, ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಹಾಕಿ ಮತ್ತೆ ಒಟ್ಟುತ್ತಾರೆ. ಈ ಹೊತ್ತಿನಲ್ಲಿ ಎಲೆಯಿಂದ ಅಮೋನಿಯಾ ಹೊರಬೀಳುತ್ತದೆ. ಕಣ್ಣಲ್ಲಿ ನೀರು ಬರುವಷ್ಟು ಘಾಟು. ಆಮೇಲೆ ಗೋಣಿಯಲ್ಲಿ ಕಟ್ಟಿ ವರ್ಷಗಟ್ಟಲೆ ಇಟ್ಟಾಗ ಉಳಿದ ಒರಟುತನ ಮೆಲ್ಲಗೆ ಇಳಿಯುತ್ತದೆ. ಅವಸರದಲ್ಲಿ ಸುತ್ತಿದ ಸಿಗಾರಿನಲ್ಲಿ ಗಂಟಲು ಕೆರೆಯುವುದು, ನಾಲಿಗೆಯ ಎರಡು ಅಂಚಿನಲ್ಲಿ ಚುರುಗುಟ್ಟುವುದು, ಬಾಯಿ ಒಗರೊಗರಾಗಿ ಒಣಗುವುದು, ಈ ಮೂರೂ ಅರ್ಧಂಬರ್ಧ ಹುದುಗಿದ, ಸಾಕಷ್ಟು ಮಾಗದ ಎಲೆಯ ಲಕ್ಷಣ. ಎಕ್ಸ್‌ಕ್ಲೂಸಿವೊವನ್ನು ಅಳೆಯುವಾಗ ಮೊದಲು ಹುಡುಕಬೇಕಾದ್ದು ಈ ಮೂರನ್ನು. ಹದದಲ್ಲಿಟ್ಟ ಸಿಗಾರಿನಲ್ಲಿ ಇವು ಕೊನೆಯ ಎರಡು ಅಂಗುಲದವರೆಗೂ ತಲೆಹಾಕುವುದಿಲ್ಲ. ರುಚಿಯ ಪಟ್ಟಿಗಿಂತ ಇದನ್ನು ನಾನು ಮುಂದೆ ಇಡುತ್ತೇನೆ, ಯಾಕೆಂದರೆ ಕೋಕೋ, ಕಾಫಿ, ಸೀಡರ್ ಪರಿಮಳಗಳನ್ನು ಅರ್ಧ ಬೆಲೆಯ ಸಿಗಾರ್‌ಗಳೂ ಕೊಡುತ್ತವೆ. ಅವುಗಳ ಮೇಲೆ ಒಗರಿನ ಪರದೆ ಇಲ್ಲದಂತೆ ಕೊಡುವುದು ಅಪರೂಪ.

ಎಲೆಯೆಲ್ಲ ನಿಕರಾಗುವಾದ್ದೇ: ಹೊದಿಕೆ, ಅದರಡಿಯ ಕಟ್ಟು ಎಲೆ, ಒಳಗಿನ ತುಂಬು ಎಲೆ. ಹೀಗೆ ಒಂದೇ ದೇಶದ ಎಲೆಯಿಂದಾದ ಸಿಗಾರನ್ನು ಪುರೋ ಅನ್ನುತ್ತಾರೆ. ಹೊದಿಕೆ ಬಿಸಿಲಲ್ಲಿ ಬೆಳೆದ ಹಬಾನೊ ತಳಿಯದು. ನೆರಳಲ್ಲಿ ಬೆಳೆದ ಎಲೆಗಿಂತ ದಪ್ಪ, ಎಣ್ಣೆಯಂಶ ಹೆಚ್ಚು. ಗಿಡದಲ್ಲಿ ಎಲೆ ಯಾವ ಎತ್ತರದ್ದು ಅನ್ನುವುದೂ ಮುಖ್ಯ. ಬುಡದ ಎಲೆ ಸಲೀಸಾಗಿ ಉರಿಯುತ್ತದೆ, ರುಚಿ ಕಡಿಮೆ. ನಡುವಿನದು ಪರಿಮಳ ಕೊಡುತ್ತದೆ. ತುದಿಯ ಎಲೆ, ಅಂದರೆ ಲಿಗೇರೊ, ಬಿಸಿಲನ್ನು ಹೆಚ್ಚು ಕಂಡು ದಪ್ಪಗಾಗಿ ಖಾರವೂ ನಿಕೋಟಿನ್ನೂ ತುಂಬಿಕೊಂಡಿರುತ್ತದೆ, ನಿಧಾನವಾಗಿ ಉರಿಯುತ್ತದೆ. ಸುತ್ತುವವರು ಲಿಗೇರೊವನ್ನು ಸರಿಯಾಗಿ ನಟ್ಟನಡುವೆ ಕೂರಿಸಬೇಕು. ಒಂದು ಬದಿಗೆ ಸರಿದರೆ ಆ ಬದಿ ಉರಿಯದೆ ಹಿಂದೆ ಬೀಳುತ್ತದೆ. ಇದನ್ನು ಪರೀಕ್ಷಿಸುವ ದಾರಿಯನ್ನು ಮುಂದೆ ಬೂದಿಯ ಜಾಗದಲ್ಲಿ ಹೇಳುತ್ತೇನೆ.

ಕೈಯಲ್ಲಿ ಹಿಡಿದಾಗ ನೋಡಬೇಕಾದ್ದು ಸ್ವಲ್ಪವೇ. ಹೆಬ್ಬೆರಳು, ತೋರುಬೆರಳ ನಡುವೆ ಕಾಲಿನಿಂದ (ಬೆಂಕಿ ಹಚ್ಚುವ ತುದಿ) ತಲೆಯವರೆಗೆ (ಬಾಯಿಗಿಡುವ ತುದಿ) ಮೆತ್ತಗೆ ಒತ್ತುತ್ತ ಹೋಗಿ. ಎಲ್ಲೂ ಗಂಟು ಸಿಗಬಾರದು, ಎಲ್ಲೂ ಪೊಳ್ಳು ಅನ್ನಿಸಬಾರದು, ಒತ್ತಿದ್ದು ನಿಧಾನವಾಗಿ ತನ್ನ ಆಕಾರಕ್ಕೆ ಮರಳಬೇಕು. ಗಂಟು ಇದ್ದಲ್ಲಿ ಎಳೆತ ಬಿಗಿ, ಪೊಳ್ಳು ಇದ್ದಲ್ಲಿ ಉರಿ ಬಿಸಿ. ಒತ್ತಿದ ನಾಲ್ಕು ಅಂಚನ್ನು ಬೆಳಕಿಗೆ ಹಿಡಿದು ನೋಡಿ: ಹೊದಿಕೆಗೆ ಗಾಯವಾಗಿದ್ದರೆ ಅದು ಮೊದಲು ಕಾಣುವುದು ಅಂಚಿನಲ್ಲೇ, ಕೂದಲೆಳೆಯ ಬಿರುಕಾಗಿ. ಮೈಮೇಲೆ ಸಣ್ಣ ನರಗಳು ಇರುತ್ತವೆ, ಹೊದಿಕೆ ರೇಷ್ಮೆಯಂತೆ ನುಣುಪೇನೂ ಅಲ್ಲ. ಬಿಸಿಲೆಲೆಯ ಸ್ವಭಾವವೇ ಅದು, ದೋಷವೆಂದು ಅಂಕ ಕಳೆಯಬೇಕಿಲ್ಲ. ಮೈಗೆ ಸುತ್ತಿದ ಎರಡು ಕಾಗದದ ಪಟ್ಟಿ ಇರುತ್ತವೆ, ಎರಡನೆಯದರಲ್ಲಿ ಪ್ರತಿ ಸಿಗಾರಿಗೂ ಬೇರೆ ಬೇರೆ ಸಂಖ್ಯೆ. ನಕಲಿ ತಡೆಯಲು ಮಾಡಿದ ಏರ್ಪಾಡು. ಒಂದೇ ಪೆಟ್ಟಿಗೆಯ ಎರಡು ಸಿಗಾರಿನಲ್ಲಿ ಒಂದೇ ಸಂಖ್ಯೆ ಕಂಡರೆ ಮುಂದಿನ ಮಾತೇ ಬೇಡ, ಹಿಂದಿರುಗಿಸಿ.

ಇನ್ನು ತೇವ. ಈ ಸಿಗಾರಿನ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲು ಇಲ್ಲೇ ಹುಟ್ಟುತ್ತವೆ. ಸಿಗಾರ್ ಇಡುವ ಹ್ಯುಮಿಡಾರ್ ಪೆಟ್ಟಿಗೆಗೆ 70 ಶೇಕಡಾ ತೇವ, 21 ಡಿಗ್ರಿ ಬಿಸಿ ಅನ್ನುವ ಹಳೆಯ ಲೆಕ್ಕವನ್ನು ಎಲ್ಲರೂ ಒಪ್ಪಿಸುತ್ತಾರೆ. ಚೌಕ ಒತ್ತಿದ ಸಿಗಾರಿಗೆ ಅದು ಹೆಚ್ಚು. ಒಳಗಿನ ಎಲೆ ಮೊದಲೇ ಒತ್ತಟ್ಟಾಗಿ ಕೂತಿರುತ್ತದೆ. 70ರಲ್ಲಿ ಅದು ಇನ್ನಷ್ಟು ಊದಿಕೊಂಡು ಹೊಗೆ ಹರಿಯುವ ಸಂದುಗಳನ್ನು ಮುಚ್ಚುತ್ತದೆ. ಎಳೆತ ಬಿಗಿಯಾದರೆ ಸೇದುವವರು ಜೋರಾಗಿ, ಬೇಗ ಬೇಗ ಎಳೆಯುತ್ತಾರೆ, ಕೆಂಡ ಕಾಯುತ್ತದೆ, ಕಹಿ ಬರುತ್ತದೆ, ಕೊನೆಗೆ ಹೆಸರು ಕೆಡುವುದು ಸಿಗಾರಿನದು. 64ರಿಂದ 66ರ ನಡುವೆ ಇಡಿ, ಬಿಸಿ 18ರಿಂದ 21 ಡಿಗ್ರಿ. 60ಕ್ಕಿಂತ ಕೆಳಗಿಳಿದರೆ ಕತ್ತರಿಸುವಾಗಲೇ ಹೊದಿಕೆ ಸೀಳುತ್ತದೆ, ಉರಿ ಓಡುತ್ತದೆ, ಪರಿಮಳದ ಎಣ್ಣೆ ಆವಿಯಾಗಿ ಹೋಗುತ್ತದೆ. ಬಿಸಿ 25 ದಾಟಿ ತೇವವೂ ಹೆಚ್ಚಿದ್ದರೆ ತಂಬಾಕು ಜೀರುಂಡೆಯ ಮೊಟ್ಟೆ ಒಡೆಯುವ ಅಪಾಯವೂ ಉಂಟು. ಹೊದಿಕೆಯಲ್ಲಿ ಸೂಜಿ ಚುಚ್ಚಿದಂಥ ದುಂಡು ತೂತು ಕಂಡರೆ ಉಳಿದವನ್ನು ಬೇರೆ ಮಾಡಿ, ಗಾಳಿಯಾಡದ ಚೀಲದಲ್ಲಿ ಹಾಕಿ ಮೂರು ದಿನ ಫ್ರೀಜರ್‌ನಲ್ಲಿಟ್ಟು, ಒಂದು ದಿನ ಫ್ರಿಜ್‌ನಲ್ಲಿ, ಆಮೇಲೆ ಹೊರಗೆ ತನ್ನಿ. ನೇರ ಹೊರಗೆ ತಂದರೆ ಹೊದಿಕೆ ಬಿರಿಯುತ್ತದೆ.

ತೇವದ ಮೀಟರ್ ಸರಿ ಹೇಳುತ್ತಿದೆಯೇ ಎಂದು ನೋಡಲು ಉಪ್ಪಿನ ಪರೀಕ್ಷೆ ಸಾಕು. ಬಾಟಲಿಯ ಮುಚ್ಚಳದ ತುಂಬ ಅಡುಗೆ ಉಪ್ಪು ಹಾಕಿ, ಕೆಲವು ಹನಿ ನೀರು ಬೆರೆಸಿ ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಕರಗಿ ನೀರಾಗಬಾರದು. ಅದನ್ನೂ ಮೀಟರನ್ನೂ ಒಂದು ಜಿಪ್ ಚೀಲದಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚೀಲ ತೆರೆಯದೆ ನೋಡಿದರೆ 75 ತೋರಿಸಬೇಕು. 71 ತೋರಿಸಿದರೆ ನಿಮ್ಮ ಮೀಟರ್ ನಾಲ್ಕು ಕಡಿಮೆ ಹೇಳುತ್ತಿದೆ, ನೀವು 66 ಅಂದುಕೊಂಡದ್ದು ನಿಜಕ್ಕೆ 70. ಎಳೆತ ಬಿಗಿ ಎಂದು ದೂರುವ ಮೊದಲು ಇದೊಂದನ್ನು ಮಾಡಿ.

ಅಂಗಡಿಯಿಂದ ಅಥವಾ ಅಂಚೆಯಲ್ಲಿ ಬಂದ ದಿನವೇ ಹಚ್ಚಿ ತೀರ್ಪು ಕೊಡುವುದು ಅನ್ಯಾಯ. ದಾರಿಯಲ್ಲಿ ತೇವ ಏರಿಳಿದಿರುತ್ತದೆ, ಹೊರಮೈ ಒಂದು ಹದದಲ್ಲಿ, ಒಳಗು ಇನ್ನೊಂದರಲ್ಲಿ. ಕನಿಷ್ಠ ಮೂರು ವಾರ ನಿಮ್ಮ ಪೆಟ್ಟಿಗೆಯಲ್ಲಿ ಮಲಗಿಸಿ.

ಕತ್ತರಿಸುವುದು. ಸಿಗಾರಿನ ತಲೆಯ ಮೇಲೆ ಟೋಪಿಯಂತೆ ಅಂಟಿಸಿದ ಎಲೆ ಇರುತ್ತದೆ; ಅದರ ಸುತ್ತುಗೆರೆ ಭುಜದ ಹತ್ತಿರ ತೆಳ್ಳಗೆ ಕಾಣುತ್ತದೆ. ಎರಡು ಅಲಗಿನ ಕಟರ್‌ನಿಂದ ತುದಿಯ 2 ಮಿಲಿಮೀಟರ್ ಒಳಗೆ, ಆ ಗೆರೆಗಿಂತ ಮೇಲೆ, ಒಂದೇ ಏಟಿಗೆ ಕತ್ತರಿಸಿ. ಗೆರೆ ದಾಟಿ ಕೆಳಗೆ ಹೋದರೆ ಹೊದಿಕೆಯನ್ನು ಹಿಡಿದಿಟ್ಟ ಅಂಟೇ ಹೋಗುತ್ತದೆ. ಅರ್ಧ ಸಿಗಾರ್ ಮುಗಿಯುವಷ್ಟರಲ್ಲಿ ಬಾಯಲ್ಲಿ ಎಲೆ ಬಿಚ್ಚಿಕೊಳ್ಳುತ್ತದೆ. ತೂತು ಕೊರೆಯುವ ಪಂಚ್ ಇದಕ್ಕೆ ಬೇಡ. ಸಣ್ಣ ತೂತಿನ ಬಾಯಲ್ಲೇ ಎಲ್ಲ ಹೊಗೆ ಕೂಡಿ, ಕಪ್ಪು ಜಿಡ್ಡು ಕಟ್ಟಿ, ಕೊನೆಯ ಮೂರನೇ ಭಾಗದಲ್ಲಿ ತುಟಿಗೆ ಕಹಿ ಅಂಟುತ್ತದೆ.

ಹಚ್ಚುವ ಮೊದಲು ನಾಲ್ಕೈದು ಸಲ ಬರಿದೇ ಎಳೆಯಿರಿ. ಗಾಳಿ ಸರಾಗ ಬರಬೇಕು, ಆದರೆ ಖಾಲಿ ಕೊಳವೆಯ ಹಾಗಲ್ಲ. ತುಸು ತಡೆ ಇರಬೇಕು. ನ್ಯಾಚುರಲ್‌ನಲ್ಲಿ ಈ ಒಣ ಎಳೆತಕ್ಕೆ ಸೀಡರ್ ಮರ, ಒಣಹುಲ್ಲು, ಹುರಿಯದ ಕೋಕೋ ಸಿಗುತ್ತದೆ. ಮದೂರೊದಲ್ಲಿ ಒಣದ್ರಾಕ್ಷಿಯ ಸಿಹಿ ಮುಂದೆ. ತಡೆ ವಿಪರೀತ ಅನ್ನಿಸಿದರೆ ಹಚ್ಚಬೇಡಿ. ತೆರೆದ ಪೆಟ್ಟಿಗೆಯಲ್ಲಿ 60-62 ತೇವಕ್ಕೆ ಎರಡು ದಿನ ಇಟ್ಟು ಮತ್ತೆ ನೋಡಿ, ಊದಿದ್ದು ಇಳಿದರೆ ಎಳೆತ ತಾನಾಗಿ ಬಿಡುತ್ತದೆ. ಒಮ್ಮೆ ಹಚ್ಚಿದ ಮೇಲೆ ಆ ಅವಕಾಶ ಇಲ್ಲ.

ಬೆಂಕಿಗೆ ಬ್ಯೂಟೇನ್ ಲೈಟರ್ ಅಥವಾ ಸೀಡರ್ ಚಕ್ಕೆ. ಪೆಟ್ರೋಲ್ ಬಗೆಯ ಬತ್ತಿ ಲೈಟರಿನ ವಾಸನೆ ಮೊದಲ ಹತ್ತು ದಮ್ಮನ್ನು ಕೆಡಿಸುತ್ತದೆ. ಸಿಗಾರನ್ನು 45 ಡಿಗ್ರಿ ಓರೆಯಾಗಿ ಹಿಡಿದು, ಜ್ವಾಲೆಯ ತುದಿ ಕಾಲಿಗೆ ತಾಗದಂತೆ ಒಂದೆರಡು ಸೆಂಟಿಮೀಟರ್ ಕೆಳಗೆ ನಿಲ್ಲಿಸಿ, ತಿರುಗಿಸುತ್ತ ಕಾಯಿಸಿ. ಇಲ್ಲಿ ಚೌಕದ ಮೈಗೆ ಒಂದು ವಿಶೇಷ ಗಮನ ಬೇಕು: ನಾಲ್ಕು ಮೂಲೆಗಳು ನಡುವಿನಿಂದ ದೂರ, ಅಲ್ಲಿಗೆ ಕಾವು ತಡವಾಗಿ ತಲುಪುತ್ತದೆ. ಪ್ರತಿ ಮೂಲೆಯನ್ನೂ ಬೇರೆಯಾಗಿ ಎರಡೆರಡು ಸೆಕೆಂಡ್ ಕಾಯಿಸಿ, ಅಂಚಿನ ಸುತ್ತ ಸಣ್ಣ ಕಪ್ಪು ಚೌಕಟ್ಟು ಮೂಡಿದ ಮೇಲೆ ಬಾಯಿಗಿಟ್ಟು ಎಳೆಯಿರಿ. ಕಾಲಿನ ಮೇಲೆ ಮೆಲ್ಲಗೆ ಊದಿ ನೋಡಿ. ಇಡೀ ಚೌಕ ಒಂದೇ ಸಮ ಕೆಂಪಾದರೆ ಸರಿ. ಒಂದು ಮೂಲೆ ಕಪ್ಪಾಗಿ ಉಳಿದರೆ ಅದಕ್ಕಷ್ಟೇ ಬೆಂಕಿ ತೋರಿಸಿ. ಈ ಒಂದು ನಿಮಿಷ ತಾಳ್ಮೆ ಇದ್ದರೆ ಮುಂದಿನ ಒಂದು ಗಂಟೆ ಸಿಗಾರ್ ನೆಟ್ಟಗೆ ಉರಿಯುತ್ತದೆ. ನಿಮಿಷಕ್ಕೆ ಒಂದು ದಮ್ಮು, ಹೆಚ್ಚೆಂದರೆ ಒಂದೂವರೆ. ಹೊಗೆ ಬಾಯಲ್ಲೇ ನಿಲ್ಲಬೇಕು, ಎದೆಗೆ ಇಳಿಸಬಾರದು.

ರುಚಿ. ನ್ಯಾಚುರಲ್‌ನ ಮೊದಲ ಐದಾರು ದಮ್ಮಿನಲ್ಲಿ ಕರಿಮೆಣಸು ಮುಂದೆ ಬರುತ್ತದೆ. ಬಾಯಲ್ಲಿರುವ ಹೊಗೆಯಲ್ಲಿ ಸ್ವಲ್ಪವನ್ನು, ಕಾಲುಭಾಗದಷ್ಟು ಸಾಕು, ಮೂಗಿನಿಂದ ಮೆಲ್ಲಗೆ ಹೊರಬಿಟ್ಟರೆ ಖಾರ ಚೆನ್ನಾಗಿ ತಿಳಿಯುತ್ತದೆ. ನಾಲಿಗೆ ಹೇಳದ್ದನ್ನು ಮೂಗು ಹೇಳುತ್ತದೆ. ಆ ಖಾರ ಸುಮಾರು ಒಂದು ಸೆಂಟಿಮೀಟರ್ ಉರಿಯುವಷ್ಟರಲ್ಲಿ ತಗ್ಗಿ, ಅದರಡಿಯಿಂದ ಹುರಿದ ಬಾದಾಮಿಯಂಥ ರುಚಿ, ಸೀಡರ್, ಹದವಾಗಿ ಹುರಿದ ಕಾಫಿ ಬೀಜ ಏಳುತ್ತವೆ. ಮೂರನೇ ಒಂದು ಭಾಗ ಮುಗಿದು ಎರಡನೆಯದಕ್ಕೆ ಬಂದಾಗ ಈ ಸಿಗಾರಿನ ಬೆಲೆ ಅರ್ಥವಾಗುವ ಜಾಗ ಬಂತು ಎಂದೇ ಲೆಕ್ಕ. ಕೋಕೋ ಮೇಲೆದ್ದು ಬರುತ್ತದೆ, ಜೊತೆಗೆ ತೊಗಲಿನ ಕಂಪು, ಕೆಳಗೆಲ್ಲೋ ಬೆಲ್ಲದಂಥ ಸಿಹಿ. ಹೊಗೆ ದಪ್ಪವಾಗಿ ನಾಲಿಗೆಗೆ ಸುತ್ತಿಕೊಳ್ಳುತ್ತದೆ. ಹೊಗೆ ಬಿಟ್ಟ ಮೇಲೆ ಗಡಿಯಾರ ನೋಡಿ: ಕೋಕೋ ಮತ್ತು ಕಾಫಿಯ ಉಳಿರುಚಿ ಅರ್ಧ ನಿಮಿಷ ದಾಟಿ ನಿಲ್ಲುತ್ತದೆ, ಮಸುಕಾಗುವಾಗಲೂ ಒಗರಿಗೆ ತಿರುಗುವುದಿಲ್ಲ. ಅಗ್ಗದ ಸಿಗಾರಿನಲ್ಲಿ ಹೊಗೆ ಇರುವಾಗ ರುಚಿ ಇದ್ದರೂ ಅದು ಹೋದ ಹತ್ತು ಸೆಕೆಂಡಿಗೆ ಬಾಯಿ ಒಣಗತೊಡಗುತ್ತದೆ. ಕೊನೆಯ ಭಾಗದಲ್ಲಿ ಮಣ್ಣಿನ ಸೊಗಡು, ಕಡುಕಾಫಿ, ಮರಳಿ ಬಂದ ಮೆಣಸು. ನಿಕೋಟಿನ್ನಿನ ಭಾರವೂ ಇಲ್ಲೇ ತಿಳಿಯುವುದು.

ಬೂದಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಸುಮಾರು ಎರಡೂವರೆ ಸೆಂಟಿಮೀಟರ್ ಆದಾಗ ತಟ್ಟದೆ, ಬೂದಿಬಟ್ಟಲಿನ ಅಂಚಿಗೆ ತಾಗಿಸಿ ಹೊರಳಿಸಿದರೆ ಒಂದೇ ತುಂಡಾಗಿ ಕಳಚುತ್ತದೆ. ಕಳಚಿದ ಜಾಗದಲ್ಲಿ ಕೆಂಡ ಮೊನಚಾಗಿ, ಸಣ್ಣ ಗೋಪುರದಂತೆ ನಿಂತಿರಬೇಕು, ಮೊನೆ ನಟ್ಟನಡುವೆ ಇರಬೇಕು. ಅದೇ ಲಿಗೇರೊ: ಸುತ್ತಲಿನ ಎಲೆ ಬೇಗ ಉರಿದು ಹಿಂದೆ ಸರಿದಿದೆ, ನಡುವಿನ ದಪ್ಪ ಎಲೆ ನಿಧಾನವಾಗಿ ಉರಿಯುತ್ತ ಮುಂದೆ ಚಾಚಿದೆ. ಮೊನೆ ಒಂದು ಬದಿಗೆ ವಾಲಿದ್ದರೆ ಸುತ್ತಿದ ಕೈ ತಪ್ಪಿದೆ ಎಂದು ಅರ್ಥ. ಬೂದಿಯ ಬಣ್ಣವನ್ನು ನೋಡಿ ಗುಣ ಹೇಳುವವರ ಮಾತು ನಂಬಬೇಡಿ. ಬಿಳಿಯೋ ಬೂದೋ ಅನ್ನುವುದು ಹೊಲದ ಮಣ್ಣಿನ ಖನಿಜದಿಂದ ಬರುವಂಥದ್ದು.

ಮದೂರೊ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊದಿಕೆ ಎಲೆಯನ್ನು ಇನ್ನೂ ಹೆಚ್ಚು ಕಾಲ, ಹೆಚ್ಚು ಕಾವಿನಲ್ಲಿ ಹುದುಗಿಸಿದಾಗ ಅದು ಕಡುಕಂದಾಗಿ ಸಿಹಿ ಮುಂದೆ ಬರುತ್ತದೆ. ಚಾಕೊಲೇಟ್, ಒಣಹಣ್ಣು, ಕಡುಕಾಫಿ, ಎಲ್ಲವೂ ದುಂಡಗೆ, ಮೆತ್ತಗೆ. ಮೊದಲ ಸಲ ಸೇದುವವರಿಗೆ ಅದೇ ಹಿಡಿಸುವುದು ಹೆಚ್ಚು. ಆದರೆ ಆ ಸಿಹಿ ಒಳಗಿನ ನಾಲ್ಕು ವರ್ಷದ ಎಲೆಯ ಮಾತನ್ನು ಸ್ವಲ್ಪ ಮುಚ್ಚುತ್ತದೆ, ಮೊದಲ ಭಾಗಕ್ಕೂ ಎರಡನೆಯದಕ್ಕೂ ಇರುವ ತಿರುವು ನ್ಯಾಚುರಲ್‌ನಷ್ಟು ಸ್ಪಷ್ಟವಿಲ್ಲ. ಹೊದಿಕೆ ದಪ್ಪವಾದ್ದರಿಂದ ಉರಿಯೂ ತುಸು ಮೊಂಡು; 63-64 ತೇವ ಅದಕ್ಕೆ ಒಳ್ಳೆಯದು. ಮಾಗಿದ ಎಲೆಗೇ ದುಡ್ಡು ಕೊಡುತ್ತಿರುವಾಗ ಅದರ ರುಚಿ ಬಿಚ್ಚಿ ತೋರಿಸುವ ನ್ಯಾಚುರಲ್ ನನ್ನ ಆಯ್ಕೆ.

ಉರಿಯುವಾಗ ಏನಾದರೂ ತಪ್ಪಿದರೆ ಕಾರಣ ಬಹುತೇಕ ಇವು. ಒಂದು ಬದಿ ಓಡಿ ಇನ್ನೊಂದು ಹಿಂದುಳಿದರೆ, ಹಿಂದುಳಿದ ಬದಿಯನ್ನು ಕೆಳಗೆ ಮಾಡಿ ಹಿಡಿಯಿರಿ. ಕೆಳಗಿನ ಬದಿಗೆ ಗಾಳಿ ಹೆಚ್ಚು ಸಿಗುತ್ತದೆ, ಎರಡು ಮೂರು ದಮ್ಮಿನಲ್ಲಿ ಸರಿಹೋಗಬಹುದು. ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸವಾದರೆ ಲೈಟರ್‌ನಿಂದ ಆ ಅಂಚಿಗಷ್ಟೇ ಕಾವು ಕೊಡಿ. ಒಳಗೆ ಉರಿದು ಹೊದಿಕೆ ಹಾಗೇ ಉಳಿಯುವುದು ತೀರ ನಿಧಾನವಾಗಿ ಸೇದಿದಾಗ ಅಥವಾ ಹೊದಿಕೆ ಒದ್ದೆಯಿದ್ದಾಗ. ಹೊದಿಕೆ ಬಿರುಕುಬಿಟ್ಟರೆ ತೇವದ ಜಾಗದಿಂದ ಒಣಗಾಳಿಗೆ ಏಕಾಏಕಿ ಬಂದಿದೆ ಎಂದರ್ಥ. ಚಳಿಯ ದಿನ ಬಯಲಲ್ಲಿ ಇದು ಸಾಮಾನ್ಯ. ನಡುವೆ ಕಹಿ ಏರಿದರೆ ಎರಡು ನಿಮಿಷ ಬಿಟ್ಟು, ಸಿಗಾರಿನೊಳಕ್ಕೆ ಮೆಲ್ಲಗೆ ಒಂದು ಸಲ ಊದಿ ನಿಂತ ಹೊಗೆಯನ್ನು ಹೊರಗೆ ಹಾಕಿ, ಆಮೇಲೆ ಎಳೆಯಿರಿ. ಆರಿದ ಸಿಗಾರನ್ನು ಅರ್ಧ ಗಂಟೆಯೊಳಗೆ ಮತ್ತೆ ಹಚ್ಚಬಹುದು, ಬೂದಿ ತೆಗೆದು, ಒಮ್ಮೆ ಊದಿ. ರಾತ್ರಿ ಆರಿದ್ದನ್ನು ಬೆಳಿಗ್ಗೆ ಹಚ್ಚಿದರೆ ಬರುವುದು ಮಸಿಯ ರುಚಿ.

ಈಗ ದುಡ್ಡಿನ ಲೆಕ್ಕ. ಬೆಲೆಯನ್ನು ನಿಮಿಷಕ್ಕೆ ಭಾಗಿಸಿ ಹೋಲಿಸುವ ಅಭ್ಯಾಸ ಕೆಲವರಿಗಿದೆ. ನಿಧಾನವಾಗಿ ಸೇದುವವರಿಗೆ ಇದೇ ಸಿಗಾರ್ 75 ನಿಮಿಷ, ಆತುರದವರಿಗೆ 50, ಹಾಗಾಗಿ ಆ ಲೆಕ್ಕ ಅಳೆಯುವುದು ನಿಮ್ಮ ವೇಗವನ್ನು. ಸರಿಯಾದ ಹೋಲಿಕೆಗೆ ಅದೇ ಕಂಪನಿಯ ಸಾಮಾನ್ಯ ಸಾಲಿನ 3000 ತೆಗೆದುಕೊಳ್ಳಿ. ಐದೂವರೆ ಅಂಗುಲ, 52 ಗೇಜ್. ಅಳತೆ ಹೆಚ್ಚುಕಡಿಮೆ ಒಂದೇ, ಎಲೆ ನಿಕರಾಗುವಾದ್ದೇ, ಹೊದಿಕೆಯನ್ನೂ ನ್ಯಾಚುರಲ್‌ನಲ್ಲೇ ಆರಿಸಿ. ಎರಡರಲ್ಲೂ ಮೂರು ಮೂರು ಕೊಂಡು ಒಂದೇ ಪೆಟ್ಟಿಗೆಯಲ್ಲಿ ಒಂದು ತಿಂಗಳಿಡಿ. ಎರಡು ಮೂರು ದಿನ ಬಿಟ್ಟು ಒಂದೊಂದರಂತೆ, ದಿನದ ಅದೇ ಹೊತ್ತಿಗೆ, ಊಟವಾದ ಒಂದು ಗಂಟೆಗೆ, ನೀರನ್ನಷ್ಟೇ ಕುಡಿಯುತ್ತ ಸೇದಿ. ಬರೆದಿಡಬೇಕಾದ್ದು ನಾಲ್ಕೇ: ಎಷ್ಟು ಸಲ ಬೆಂಕಿ ತೋರಿಸಬೇಕಾಯಿತು, ಮೊದಲ ಒಗರು ಯಾವ ಅಳತೆಯಲ್ಲಿ ಬಂತು, ಉಳಿರುಚಿ ಎಷ್ಟು ಸೆಕೆಂಡ್, ಮೂರು ಸಿಗಾರ್ ಒಂದಕ್ಕೊಂದು ಎಷ್ಟು ಹೋಲುತ್ತವೆ. ಒಂದೇ ಸಿಗಾರ್ ಸೇದಿ ಅಂಕ ಕೊಡುವುದರಲ್ಲಿ ಅರ್ಥವಿಲ್ಲ. ಕೈಯಿಂದ ಸುತ್ತಿದ್ದು, ಒಂದು ಕೆಡಬಹುದು, ಒಂದು ಅದೃಷ್ಟಕ್ಕೆ ಚೆನ್ನಾಗಿರಬಹುದು.

3000 ಒಳ್ಳೆಯ ಸಿಗಾರ್, ಅದನ್ನು ಕೀಳಾಗಿ ಕಾಣುವ ಮಾತೇ ಇಲ್ಲ. ಕೋಕೋ, ಕಾಫಿ, ಮಣ್ಣಿನ ಸೊಗಡು, ಎಲ್ಲ ಅದರಲ್ಲೂ ಇದೆ. ಮೊದಲ ಅರ್ಧದಲ್ಲಿ ಎಕ್ಸ್‌ಕ್ಲೂಸಿವೊ ಅದರ ಎರಡರಷ್ಟು ಚೆನ್ನಾಗಿದೆ ಎಂದು ಹೇಳಲು ಆಗುವುದಿಲ್ಲ. ವ್ಯತ್ಯಾಸ ಬಿಚ್ಚುವುದು ಅರ್ಧ ದಾಟಿದ ಮೇಲೆ: ಒಂದರಲ್ಲಿ ಒರಟು ಹೆಜ್ಜೆಹೆಜ್ಜೆಗೂ ಏರುತ್ತದೆ, ಇನ್ನೊಂದರಲ್ಲಿ ರುಚಿ ಗಾಢವಾಗುತ್ತ ಹೋದರೂ ಬಾಯಿ ಸ್ವಚ್ಛವಾಗಿಯೇ ಇರುತ್ತದೆ. ಹಾಗಾಗಿ ಅರ್ಧಕ್ಕೇ ಇಟ್ಟುಬಿಡುವ ಅಭ್ಯಾಸವಿದ್ದವರು ಎಕ್ಸ್‌ಕ್ಲೂಸಿವೊ ಕೊಳ್ಳಬಾರದು. ಅವರು ದುಡ್ಡು ಕೊಟ್ಟ ಭಾಗವನ್ನೇ ಬೂದಿಬಟ್ಟಲಿಗೆ ಹಾಕುತ್ತಾರೆ. ಗದ್ದಲದಲ್ಲಿ, ಮಾತಿನ ನಡುವೆ, ಗಾಳಿಯಲ್ಲಿ ನಿಂತು ಸೇದುವವರಿಗೂ 3000 ಸಾಕು.

ಸಾಲಿನ ಉದ್ದನೆಯ ಅಳತೆಗಳ ಬಗ್ಗೆ ನನಗೆ ತಕರಾರಿದೆ. ಡಿಪ್ಲೊಮ್ಯಾಟಿಕೊ 7 ಅಂಗುಲ, 50 ಗೇಜ್: ಎಲೆ ಇದಕ್ಕಿಂತ ಶೇಕಡಾ 27 ಹೆಚ್ಚು, ಬೆಲೆಯೂ ಹೆಚ್ಚು, ಆದರೆ ಹೊಸ ರುಚಿ ಸೇರುವುದಿಲ್ಲ, ಇದ್ದದ್ದೇ ಹಿಗ್ಗುತ್ತದೆ. ಇಂಪೀರಿಯಲ್ 6 ಅಂಗುಲ, 54 ಗೇಜ್. ದಪ್ಪವಾದಷ್ಟೂ ಒಳಎಲೆಗೆ ಹೋಲಿಸಿ ಹೊದಿಕೆಯ ಪಾಲು ಕಡಿಮೆಯಾಗುತ್ತದೆ, ಈ ಹೊದಿಕೆಯ ರುಚಿಯೇ ಬೇಕಾದವರಿಗೆ ಅದು ನಷ್ಟ. ಸಮಯ ಕಡಿಮೆಯಿದ್ದರೆ ಪ್ರಿನ್ಸಿಪೆ, ನಾಲ್ಕೂವರೆ ಅಂಗುಲ, 46 ಗೇಜ್, ಒಳ್ಳೆಯದು. ಆದರೆ ಬೇಗ ಕಾಯುತ್ತದೆ, ನಿಮಿಷಕ್ಕೊಂದಕ್ಕಿಂತ ಹೆಚ್ಚು ದಮ್ಮು ಎಳೆಯುವಂತಿಲ್ಲ. ಇದೇ ಸಾಲಿನ ಟಾರ್ಪೆಡೊವನ್ನು ‘ಸಿಗಾರ್ ಅಫಿಸಿಯೊನಾಡೊ’ ಪತ್ರಿಕೆ 2021ರ ವರ್ಷದ ಸಿಗಾರ್ ಎಂದು ಆರಿಸಿತು. ಅದು ಚೂಪುತಲೆಯದು, ಕತ್ತರಿಸುವ ಅಳತೆಯಿಂದ ಎಳೆತವನ್ನು ಹೊಂದಿಸಿಕೊಳ್ಳಬಹುದು. ಬಹುಮಾನದ ಹೆಸರಿಗೆ ಯಾರಾದರೂ ನಿಗದಿ ಬೆಲೆಯ ಮೇಲೆ ಹೆಚ್ಚು ಕೇಳಿದರೆ ಕೊಡಬೇಕಿಲ್ಲ, ಎಲೆ ಅದೇ ಮನೆಯದು. ಇನ್ನೂ ಮೇಲಿನ 1926 ಸಾಲು ಇದಕ್ಕಿಂತ ಗಡುಸು, ಮಾಗು ಒಂದು ವರ್ಷ ಹೆಚ್ಚು. 3000ದಿಂದ 1964ಕ್ಕೆ ಏರಿದಾಗ ಬಾಯಿಗೆ ತಿಳಿಯುವ ಅಂತರ, 1964ರಿಂದ 1926ಕ್ಕೆ ಏರಿದಾಗ ಅಷ್ಟು ತಿಳಿಯುವುದಿಲ್ಲ. ಬೆಲೆ ಮಾತ್ರ ಮತ್ತೊಂದು ಮೆಟ್ಟಿಲು ಏರಿರುತ್ತದೆ.

ಕೊಳ್ಳುವಾಗ ಮೊದಲು ಬಿಡಿಯಾಗಿ ಮೂರು. ಹಿಡಿಸಿದರೆ ಆಮೇಲೆ 25ರ ಪೆಟ್ಟಿಗೆ. ಮಾರುವವರ ತೇವದ ಕೋಣೆಯಲ್ಲಿ ಮೀಟರ್ ಎಲ್ಲಿದೆ ನೋಡಿ, ಎಷ್ಟು ತೋರಿಸುತ್ತದೆ ನೋಡಿ. 70ಕ್ಕಿಂತ ಹೆಚ್ಚಿದ್ದರೆ ಮನೆಯಲ್ಲಿ ಹೆಚ್ಚು ದಿನ ಮಲಗಿಸಬೇಕಾಗುತ್ತದೆ, ಅಷ್ಟೆ. 60ಕ್ಕಿಂತ ಕಡಿಮೆಯಿದ್ದರೆ ಕೊಳ್ಳಬೇಡಿ, ಆರಿಹೋದ ಎಣ್ಣೆ ಮರಳಿ ಬರುವುದಿಲ್ಲ. ಹೊದಿಕೆಯ ಮೇಲಿನ ಬಿಳಿ ಪುಡಿಯನ್ನು ತೋರಿಸಿ ಇದು ಮಾಗಿದ ಗುರುತು ಎಂದು ಹೇಳಿದರೆ ಬೆರಳಿಂದ ಒರೆಸಿ, ಭೂತಗನ್ನಡಿಯಲ್ಲಿ ನೋಡಿ. ಎಳೆಎಳೆಯಾಗಿ, ಹತ್ತಿಯಂತೆ, ಚುಕ್ಕೆಚುಕ್ಕೆಯಾಗಿ ಕಂಡರೆ ಅದು ಬೂಸ್ಟು. ಕಾಲಿನ ತೆರೆದ ಎಲೆಯೊಳಗೂ ಇದ್ದರೆ ಆ ಸಿಗಾರ್ ಸೇದಲು ಯೋಗ್ಯವಲ್ಲ.

ಖಾಲಿ ಹೊಟ್ಟೆಯಲ್ಲಿ ಇದನ್ನು ಹಚ್ಚಬೇಡಿ. ತಲೆ ಸುತ್ತಿ, ತಣ್ಣನೆಯ ಬೆವರು ಬಂದರೆ ಅದು ನಿಕೋಟಿನ್. ಸಿಗಾರ್ ಕೆಳಗಿಟ್ಟು, ಸಕ್ಕರೆ ಬೆರೆಸಿದ ನೀರು ಕುಡಿದು, ಕೂತುಬಿಡಿ. ಹೊಗೆ ಎದೆಗಿಳಿಸದಿದ್ದರೂ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನ ಅಪಾಯ ಸಿಗಾರಿನಲ್ಲಿ ಇದ್ದೇ ಇದೆ, ಚಟವೂ ಹಿಡಿಯುತ್ತದೆ. ನಾಲ್ಕು ವರ್ಷ ಮಾಗಿದ ಎಲೆ ಆ ವಿಷಯದಲ್ಲಿ ಬೇರೆ ಎಲೆಗಿಂತ ಒಳ್ಳೆಯದೇನಲ್ಲ. ಸೇದದವರು ಈ ಸಿಗಾರಿಗಾಗಿ ಶುರುಮಾಡಬೇಕಾದ ಕಾರಣ ಒಂದೂ ಇಲ್ಲ.

ಸೇದುವವರು ಸಿಗಾರಿನ ಕೆಳಗಿನ ಕಾಗದದ ಪಟ್ಟಿಯನ್ನು ಕಾವು ತಾಗಿ ಅಂಟು ಸಡಿಲವಾದ ಮೇಲೆ, ಅರ್ಧ ದಾಟಿದಾಗ ಬಿಚ್ಚಿ. ಮೊದಲೇ ಕಿತ್ತರೆ ಹೊದಿಕೆಯೂ ಜೊತೆಗೆ ಬರುತ್ತದೆ. ತುದಿಯಿಂದ ನಾಲ್ಕು ಸೆಂಟಿಮೀಟರ್ ಉಳಿದಾಗ ಬೆರಳಿಗೆ ಬಿಸಿ ತಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ಜಜ್ಜಿ ಆರಿಸಬೇಡಿ, ಬಟ್ಟಲಿನ ಮೇಲೆ ಇಟ್ಟುಬಿಟ್ಟರೆ ತಾನಾಗಿ ಆರುತ್ತದೆ, ಜಜ್ಜಿದಾಗ ಏಳುವ ಕಮಟು ಕೋಣೆ ತುಂಬುವುದಿಲ್ಲ.